ಟವೆಲ್ಲಿನ ಕೆಳಗಿನ ಬೆಲೆ

ಸಂಗಮೇಶನ ಹೆಸರು ಕೆಟ್ಟಿದ್ದು ಎದೆಯ ಅಳತೆಯಿಂದ. ಮೂವತ್ತಾರು ಇಂಚು ಇದ್ದದ್ದು ಮೂವತ್ತೆಂಟಾಗಿತ್ತು. ಬೇರೆ ಯಾರದಾದರೂ ಆಗಿದ್ದರೆ ನಾಲತವಾಡದಲ್ಲಿ ಒಬ್ಬರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೊಟ್ಟೆಗಳು ವರ್ಷಕ್ಕೆ ನಾಲ್ಕು ಇಂಚು ಮುಂದೆ ಬರುವ ಊರಿನಲ್ಲಿ ಎದೆ ಎರಡು ಇಂಚು ಬಂದರೆ ಯಾರಿಗೇನು? ಆದರೆ ಸಂಗಮೇಶ ಕಬಡ್ಡಿ ಆಡುತ್ತಿದ್ದ, ಅಳತೆ ತೆಗೆದವನು ಟೇಲರ್ ಹಾಜಿಮಲಂಗ, ಮತ್ತು ಹಾಜಿಮಲಂಗನ ಅಂಗಡಿಗೂ ಚಹಾದಂಗಡಿಗೂ ನಡುವೆ ಒಂದೇ ಗೋಡೆ.

ಅವತ್ತು ಮುಂಜಾನೆ ಸಂಗಮೇಶ ಹೊಸ ಜರ್ಸಿಗೆ ಅಳತೆ ಕೊಡಲು ಹೋಗಿದ್ದ. ಸಂಜೆ ನಾಲ್ಕಕ್ಕೆ ಇಂಡಿ ಕಡೆಯ ಸಕ್ಕರೆ ಕಾರ್ಖಾನೆಯ ಜೀಪು ಬರುವುದಿತ್ತು. ನಾಲತವಾಡದ ತಂಡ ಸಂಗಮೇಶನನ್ನು ಕಾರ್ಖಾನೆಯ ತಂಡಕ್ಕೆ ಕೊಡುವುದು, ಕಾರ್ಖಾನೆಯವರು ಬದಲಿಗೆ ತಮ್ಮ ಇಬ್ಬರು ಆಟಗಾರರನ್ನೂ ಹನ್ನೆರಡು ಜೋಡಿ ಬೂಟನ್ನೂ ಕೊಡುವುದು ಎಂದು ಮಾತಾಗಿತ್ತು. ಹೋದರೆ ಸಂಗಮೇಶನಿಗೆ ಕಬ್ಬಿನ ಗಾಡಿ ತೂಗುವ ಕಾಟಾದಲ್ಲಿ ಕಾಯಂ ನೌಕರಿ. ಬಿ.ಎ. ಮುಗಿಸಿ ಮೂರು ವರ್ಷ ಊರಿನ ಕಟ್ಟೆಗಳನ್ನೆಲ್ಲ ಕೂತು ಕೂತೇ ಸವೆಸಿದವನಿಗೆ ಇದಕ್ಕಿಂತ ದೊಡ್ಡದು ಬೇರೆ ಏನೂ ಬೇಕಾಗಿರಲಿಲ್ಲ.

ಇಷ್ಟಕ್ಕೂ ಕಾರಣ ಹಿಂದಿನ ರವಿವಾರದ ಆಟ. ಹೂವಿನ ಹಿಪ್ಪರಗಿಯಲ್ಲಿ ನಡೆದ ಪಂದ್ಯದಲ್ಲಿ ಐದು ಜನ ಕಾಲು, ಸೊಂಟ, ಕುತ್ತಿಗೆ ಹಿಡಿದು ಜೋತುಬಿದ್ದಿದ್ದರೂ ಸಂಗಮೇಶ ಅವರನ್ನೆಲ್ಲ ಎಳೆದುಕೊಂಡು ನಡುಗೆರೆ ಮುಟ್ಟಿಬಿಟ್ಟಿದ್ದ. ಅದನ್ನು ನೋಡಿದ ಕಾರ್ಖಾನೆಯ ಕ್ರೀಡಾ ಅಧಿಕಾರಿ ಆನಂದತೀರ್ಥ ಅವರು ಕುರ್ಚಿಯಿಂದ ಎದ್ದು ನಿಂತಿದ್ದರಂತೆ. ತಿಂಗಳ ಹಿಂದೆ ತಂಡದ ಪಟ್ಟಿಯಲ್ಲಿ ಹನ್ನೊಂದನೇ ಹೆಸರಾಗಿದ್ದವನು ಒಂದೇ ತಿಂಗಳಲ್ಲಿ ಹೀಗಾದದ್ದು ಹೇಗೆ ಎಂದು ಆಗ ಯಾರೂ ಕೇಳಲಿಲ್ಲ. ಗೆದ್ದ ದಿನ ಜನ ಲೆಕ್ಕ ಕೇಳುವುದಿಲ್ಲ.

ಹಾಜಿಮಲಂಗ ಟೇಪು ಸುತ್ತಿ, ಬಿಚ್ಚಿ, ಮತ್ತೊಮ್ಮೆ ಸುತ್ತಿದ. "ಹೋದ ತಿಂಗಳ ಅಷ್ಟ ನಿನ್ನ ಅಂಗಿ ಹೊಲದೇನಿ. ಎರಡು ಇಂಚು ಹೆಚ್ಚಾಗೇತಿ. ಏನ್ ತಿಂತಿಯೋ?"

"ರೊಟ್ಟಿ ರೀ," ಎಂದ ಸಂಗಮೇಶ, ನೆಲ ನೋಡುತ್ತ.

"ನಾನೂ ರೊಟ್ಟಿನ ತಿಂತೇನಿ," ಎಂದು ಹಾಜಿಮಲಂಗ ತನ್ನ ಬಡಕಲು ಎದೆ ನೋಡಿಕೊಂಡ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಚಹಾ ಕುಡಿಯಲು ಪಕ್ಕಕ್ಕೆ ಹೋದ, ಅಷ್ಟೇ.

ಪಕ್ಕದಲ್ಲಿ ಪೇಪರ್ ಓದುವ ಮಾಸ್ತರು ಆಟದ ಪುಟಕ್ಕೆ ಬಂದಿದ್ದರು. ಅವರು ನಿವೃತ್ತರಾಗಿ ಆರು ವರ್ಷವಾದರೂ ತರಗತಿಯ ದನಿ ಬಿಟ್ಟಿರಲಿಲ್ಲ. "ಅಮೆರಿಕಾದಾಗ ಬೇಸ್‌ಬಾಲ್ ಅಂತ ಒಂದು ಆಟ ಐತಿ. ನಮ್ಮ ಚಿಣಿಪಣಿ ಇದ್ದಂಗ, ಬಡಿಗಿಲೆ ಹೊಡಿಯೂ ಆಟ ಅಂತ ತಿಳಕೋರಿ. ಅಲ್ಲಿ ದೊಡ್ಡ ದೊಡ್ಡ ಆಟಗಾರರು ಸ್ಟಿರಾಯ್ಡ್ ಅನ್ನೂ ಸೂಜಿ ಚುಚ್ಚಿಸಿಕೊಂಡಾರಂತ. ಈಗ ಅವರು ಹಿಂದ ಹೊಡದ ಚೆಂಡೆಲ್ಲಾ ಸಂಶಯಕ್ಕ ಬಿದ್ದಾವ. ನಿನ್ನಿತನಕ ನಮಗ ಬೇಕು ತಮಗ ಬೇಕು ಅಂತ ಜಗ್ಗಾಡಿದ ತಂಡದವರು ಇವತ್ತು ಯಾರೂ ಬ್ಯಾಡ ಅನ್ನಾಕತ್ತಾರ."

"ಚುಚ್ಚಿಸಿಕೊಂಡ್ರ ಏನಾಗತೈತ್ರಿ?" ಎಂದು ಯಾರೋ ಕೇಳಿದರು.

"ರಟ್ಟಿ, ಎದಿ ಎಲ್ಲಾ ಉಬ್ಬತಾವ."

ಹಾಜಿಮಲಂಗ ಚಹಾದ ಬಸಿ ತುಟಿಯಿಂದ ಕೆಳಗಿಳಿಸಿ, ಕೇವಲ ವೃತ್ತಿಯ ಕುತೂಹಲದಿಂದ ಕೇಳಿದ: "ಎಷ್ಟು ಇಂಚು ರೀ?"

ಎಲ್ಲರೂ ಅವನ ಕೊರಳಲ್ಲಿದ್ದ ಟೇಪು ನೋಡಿದರು. ಅಷ್ಟು ಸಾಕಾಯಿತು. ಹಿಪ್ಪರಗಿಯ ಆಟದ ಅರ್ಧದಲ್ಲಿ ಸಂಗಮೇಶ ಬೇವಿನ ಮರದ ಹಿಂದೆ ಹೋಗಿ, ಕಾಗದದ ಪೊಟ್ಟಣ ಬಿಚ್ಚಿ, ಆಚೀಚೆ ನೋಡಿ ಏನನ್ನೋ ಬಾಯಿಗೆ ಹಾಕಿಕೊಂಡದ್ದನ್ನು ಕಂಡವನೊಬ್ಬ ಅಲ್ಲೇ ಇದ್ದ. ಐದು ದಿನ ಅವನಿಗೆ ಅದು ನೆನಪೇ ಆಗಿರಲಿಲ್ಲ. ಈಗ ಪೊಟ್ಟಣದ ಬಣ್ಣ ಸಮೇತ ನೆನಪಾಯಿತು.

ಹತ್ತು ಗಂಟೆಗೆ ಅದು ಗುಳಿಗೆಯಾಗಿತ್ತು. ಹನ್ನೊಂದಕ್ಕೆ ಸೂಜಿಯಾಯಿತು. ಹನ್ನೆರಡರ ಹೊತ್ತಿಗೆ ಅದು ದನದ ದವಾಖಾನೆಯಲ್ಲಿ ಹೋರಿಗಳಿಗೆ ಹಾಕುವ ಸೂಜಿ ಎಂದು ಖಚಿತವಾಗಿತ್ತು. ನಿನ್ನೆ ತನಕ ಅವನನ್ನು ಕರೆದು ಚಹಾ ಕುಡಿಸಿದವರು ಇವತ್ತು ಅವನು ಹಾದುಹೋಗುವಾಗ ಗಂಟಲು ಸರಿ ಮಾಡಿಕೊಂಡರು.

ಆದರೆ ಜನರ ಇನ್ನೊಂದು ಮುಖವನ್ನೂ ಸಂಗಮೇಶ ಅವತ್ತೇ ನೋಡಿದ. ಬಜಾರದಲ್ಲಿ ಮುಖ ತಿರುಗಿಸಿದ ಒಬ್ಬ ಸಂದಿಯಲ್ಲಿ ಬೆನ್ನು ಹತ್ತಿ ಬಂದು, "ಪೊಲೀಸ್ ಭರ್ತಿ ಐತಿ ಮುಂದಿನ ತಿಂಗಳ. ಅದರ ಹೆಸರಷ್ಟ ಹೇಳು, ಯಾರ ಮುಂದೂ ಅನ್ನಂಗಿಲ್ಲ," ಎಂದ. ಇನ್ನೊಬ್ಬ ತನ್ನ ಎತ್ತು ಸೊರಗಿದೆ, ಉಳಿದಿದ್ದರೆ ಅರ್ಧ ಕೊಡು ಎಂದ. ಮೂರನೆಯವನು ಚಹಾದಂಗಡಿಯವನೇ. ಅವನಿಗೆ ಯಾತಕ್ಕೆ ಬೇಕಾಗಿತ್ತೋ ಹೇಳಲಿಲ್ಲ. ನಾಚಿಕೊಂಡ. ಊರು ಬೈಯುವುದು ತಪ್ಪು ಮಾಡಿದ್ದಕ್ಕೋ, ತನಗೆ ಹೇಳದೆ ಮಾಡಿದ್ದಕ್ಕೋ ಎಂದು ಸಂಗಮೇಶ ದಾರಿಯುದ್ದಕ್ಕೂ ಯೋಚಿಸಿದ.

ತಂಡದ ಅಧ್ಯಕ್ಷ ಶ್ರೀಶೈಲಪ್ಪ ಎಸ್‌ಟಿಡಿ ಅಂಗಡಿಯ ಮುಂದೆ ಸಿಕ್ಕ. ಅವನು ದನದ ಸಂತೆಯ ದಲ್ಲಾಳಿ. ಎತ್ತು ಮಾರಿಸುವುದು ಅವನ ಕಸುಬು, ಕಬಡ್ಡಿ ಅವನ ಚಟ. ಎರಡನ್ನೂ ಒಂದೇ ರೀತಿ ನಡೆಸುತ್ತಿದ್ದ. ಕಾರ್ಖಾನೆಯ ಸಾಹೇಬರ ಜೊತೆ ಸಂಗಮೇಶನ ಬೆಲೆ ಮಾತಾಡಿದ್ದೂ ಹೆಗಲ ಮೇಲಿನ ಟವೆಲ್ ಹಾಸಿ, ಅದರ ಕೆಳಗೆ ಬೆರಳು ಹಿಡಿದು. ಎಷ್ಟು ಬೆರಳು ಅದುಮಿದರೆ ಎಷ್ಟು ಎಂಬುದು ಹಿಡಿದ ಇಬ್ಬರಿಗೇ ಗೊತ್ತಾಗಬೇಕು, ಸುತ್ತ ನಿಂತವರಿಗೆ ಟವೆಲ್ ಅಲುಗಾಡಿದ್ದಷ್ಟೇ ಕಾಣಬೇಕು. ಸಂತೆಯ ಪದ್ಧತಿ ಹಾಗೆ.

"ಸಾಹೇಬ್ರ ಫೋನ್ ಬಂದಿತ್ತು," ಎಂದ ಶ್ರೀಶೈಲಪ್ಪ. "ಸುದ್ದಿ ನಮ್ಮ ಬಸ್ಸಿನಕಿಂತ ಮೊದಲ ಅಲ್ಲಿಗೆ ಮುಟ್ಟೇತಿ. ಇಬ್ಬರು ಆಟಗಾರರು ಅಂದದ್ದು ಒಬ್ಬಾಂವ ಆದ. ಬೂಟು ಆರು ಜೋಡಿಗೆ ಇಳೀತು."

"ಕಾಕಾ, ನಾ ಸೂಜಿ ಚುಚ್ಚಿಸಿಲ್ಲ."

"ಹಂಗಾರ ಪೊಟ್ಟಣದಾಗ ಏನಿತ್ತು?"

ಸಂಗಮೇಶ ಚಪ್ಪಲಿಯಿಂದ ಮಣ್ಣು ಕೆದಕಿದ.

"ನಲವತ್ತು ವರ್ಷ ಸಂತ್ಯಾಗ ಅದೇನಿ," ಎಂದ ಶ್ರೀಶೈಲಪ್ಪ ನಿಟ್ಟುಸಿರು ಬಿಟ್ಟು. "ಎತ್ತಿಗೆ ಸುಳಿ ದೋಷ ಐತಿ ಅಂತ ಒಬ್ಬಾಂವ ಸುಮ್ನ ಅಂದ್ರ ಸಾಕು, ಖರೇನೋ ಸುಳ್ಳೋ, ಬೆಲಿ ಅರ್ಧ ಆಗತೈತಿ. ಎತ್ತಿಗಾದ್ರ ಪಾಪ, ಮಾತಾಡಾಕ ಬರಂಗಿಲ್ಲ. ನಿನಗೇನಾಗೇತಿ?"

ಆಗಿದ್ದು ಏನೆಂದರೆ, ಪೊಟ್ಟಣದಲ್ಲಿ ಅಂಟಿನ ಉಂಡಿ ಇತ್ತು.

ಸಂಗಮೇಶನ ಅಕ್ಕ ದಾನೇಶ್ವರಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗು ಹುಟ್ಟಿ ತಿಂಗಳು ದಾಟಿತ್ತು. ತಾಯಿ ಗುರವ್ವ ಮಗಳಿಗಾಗಿ ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಬದಾಮಿ, ಅಳವಿ, ಗಸಗಸಿ ಕೂಡಿಸಿ, ಬೆಲ್ಲದ ಪಾಕಕ್ಕೆ ಹಾಕಿ, ತುಪ್ಪದ ಕೈಯಲ್ಲಿ ಉಂಡಿ ಕಟ್ಟಿ ಡಬ್ಬಿ ತುಂಬಿದ್ದಳು. ತುಪ್ಪ, ಬದಾಮಿ ಎಲ್ಲ ಮೋರಟಗಿಯ ಬೀಗರು ಕಳಿಸಿದ್ದು. ಸೊಸೆ ಗಟ್ಟಿಯಾಗಿ ಮರಳಿ ಬರಲಿ ಎಂದು. ಅದನ್ನು ಸಂಗಮೇಶ ಮೊದಲು ರುಚಿ ನೋಡಲೆಂದು ಒಂದು ತಿಂದ. ಆಮೇಲೆ ಕೈ ತಡೆಯಲಿಲ್ಲ. ಡಬ್ಬಿ ಖಾಲಿಯಾದಂತೆಲ್ಲ ಗುರವ್ವ ಮತ್ತೆ ಕಟ್ಟಿದಳು, ಅವನು ಮತ್ತೆ ತಿಂದ. ಅವನ ಮೈಯಲ್ಲಿ ಐದು ಜನರನ್ನು ಎಳೆಯುವ ಕಸುವು ಬಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಹೇಳುವುದು ಹೇಗೆ? ಬಾಣಂತಿಯ ಬಾಯಿಯ ತುತ್ತು ಕದ್ದು ತಿಂದ ಗಂಡಸು ಎಂದರೆ ಸೂಜಿ ಚುಚ್ಚಿಸಿಕೊಂಡವನಿಗಿಂತ ಕಡೆ. ಬೀಗರ ಕಿವಿಗೆ ಬಿದ್ದರೆ ಅಕ್ಕ ಅಲ್ಲಿ ತಲೆ ಎತ್ತುವ ಹಾಗಿಲ್ಲ. ಇನ್ನೂ ಒಂದು ಇತ್ತು. ಡಬ್ಬಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ ಎಂದು ಗುರವ್ವ ಮೊದಲು ಇಲಿಯ ಮೇಲೆ, ಆಮೇಲೆ ಪಕ್ಕದ ಮನೆಯ ಸೂಲಗಿತ್ತಿ ಹುಲಿಗೆವ್ವನ ಮೇಲೆ ಸಂಶಯಪಟ್ಟಿದ್ದಳು. ದಿನಾ ಕೂಸಿಗೆ ನೀರೆರೆಯಲು ಬರುತ್ತಿದ್ದ ಮುದುಕಿ ಅವಳು. ಎದುರು ಹೇಳದೆ ಡಬ್ಬಿಯ ಉಂಡಿಗಳನ್ನು ಅವಳ ಮುಂದೆಯೇ ಎಣಿಸಲು ಶುರು ಮಾಡಿದ್ದಳು ಗುರವ್ವ. ಹುಲಿಗೆವ್ವ ಎರಡು ದಿನದಿಂದ ಬರುವುದು ಬಿಟ್ಟಿದ್ದಳು.

ಎರಡು ಗಂಟೆಗೆ ಮತ್ತೆ ಫೋನ್ ಬಂತು. ಈಗ ಆಟಗಾರನೂ ಇಲ್ಲ, ಬೂಟೂ ಇಲ್ಲ. ಬೇಕಾದರೆ ಒಂದು ಹಳೆಯ ವಾಲಿಬಾಲ್ ನೆಟ್ ಕೊಡುತ್ತಾರಂತೆ.

"ಕಬಡ್ಡಿಗೆ ನೆಟ್ ಯಾಕ ಬೇಕು?" ಎಂದ ಸಂಗಮೇಶ.

"ನಿನ್ನ ಬೆಲಿ ಹೇಳಾಕತ್ತೇನಿ. ನೆಟ್ಟಿನ ಉಪಯೋಗ ಅಲ್ಲ," ಎಂದ ಶ್ರೀಶೈಲಪ್ಪ.

ನಾಲ್ಕಕ್ಕೆ ಜೀಪು ಬಂತು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಆನಂದತೀರ್ಥ ಸಾಹೇಬರು ಕೂತರು. ಊರೇ ನೆರೆದಿತ್ತು. ಹಾಜಿಮಲಂಗ ಹೊಲಿದು ಮುಗಿಸಿದ ಜರ್ಸಿಯನ್ನು ಬಗಲಲ್ಲಿ ಇಟ್ಟುಕೊಂಡು, ತಾನು ಕೇಳಿದ ಒಂದೇ ಮಾತಿಗೆ ಇಷ್ಟೆಲ್ಲ ಆಯಿತಲ್ಲ ಎಂದು ಹಿಂದಿನ ಸಾಲಿನಲ್ಲಿ ಪೆಚ್ಚಾಗಿ ನಿಂತಿದ್ದ.

ಸಾಹೇಬರು ಕೆಟ್ಟವರಲ್ಲ. "ನೋಡ್ರಿ ಶ್ರೀಶೈಲಪ್ಪನವರ," ಎಂದರು. "ನಂಗ ಈ ಹುಡುಗನ ಮ್ಯಾಲೆ ಸಿಟ್ಟಿಲ್ಲ. ಖರೇ ಇರಲಿ, ಸುಳ್ಳ ಇರಲಿ, ಹೆಸರು ಒಮ್ಮೆ ಮಂದಿ ಬಾಯಾಗ ಬಿತ್ತು ಅಂದ್ರ ಮುಗೀತು. ನಾಳೆ ಇವಾ ಹತ್ತು ಮಂದಿನ ಎಳಕೊಂಡ ಬಂದ್ರೂ, ಎಳದದ್ದು ಸೂಜಿ ಅಂತಾರ. ಗೆದ್ದಿದ್ದೂ ನಮ್ಮದಾಗೂದಿಲ್ಲ." ಆಮೇಲೆ ಸಂಗಮೇಶನ ಕಡೆ ತಿರುಗಿದರು. "ಪೊಟ್ಟಣದಾಗ ಏನಿತ್ತು, ಅಷ್ಟು ಹೇಳಿಬಿಡಪಾ. ಖಾತ್ರಿ ಆದ್ರ ಈಗಿಂದೀಗ ಜೀಪಿನ್ಯಾಗ ಕೂಡಿಸ್ಕೊಂಡು ಹೋಗ್ತೀನಿ."

ಸಂಗಮೇಶ ಹನುಮಪ್ಪನನ್ನು ನೋಡಿದ. ಹನುಮಪ್ಪ ಬೆಟ್ಟ ಎತ್ತಿಕೊಂಡು ನಿಂತಿದ್ದ. ಅವನು ಏನು ತಿಂದು ಎತ್ತಿದನೆಂದು ಯಾರೂ ಕೇಳಿದ ಹಾಗಿರಲಿಲ್ಲ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಗುರವ್ವ ಬಂದಳು. ಸುದ್ದಿ ಅವಳಿಗೆ ಆಗಷ್ಟೇ ಮುಟ್ಟಿತ್ತು. "ಸಾಹೇಬ್ರ, ನನ್ನ ಮಗಾ ಸೂಜಿ ಅಂದ್ರ ಸಾಲ್ಯಾಗಿಂದ ಗ್ವಾಡಿ ಹಾರಿ ಓಡಿ ಬಂದಾಂವ. ಅಂವ ಚುಚ್ಚಿಸಿಕೊಳ್ಳಾಂವಲ್ಲ. ಅಂವ ಯಾರದೂ ಒಂದು ಕಡ್ಡಿ ಮುಟ್ಟಿಲ್ಲ. ಕಳ್ಳರ ಬೇಕಾದ್ರ ನಮ್ಮ ಓಣ್ಯಾಗ ಬ್ಯಾರೆನ ಅದಾರ." ಎಂದವಳೇ ಜನರ ನಡುವೆ ನಿಂತಿದ್ದ ಹುಲಿಗೆವ್ವನ ಕಡೆ ಕೈ ಮಾಡಿದಳು. "ನನ್ನ ಬಾಣಂತಿ ಮಗಳ ಡಬ್ಬಿ ಖಾಲಿ ಮಾಡಿದಾಕಿನ್ನ ಕೇಳ್ರಿ, ಪಂಚಾಯ್ತಿ ಮಾಡೂದಾದ್ರ."

ಹುಲಿಗೆವ್ವ ಜಗಳಕ್ಕೆ ಬರಲಿಲ್ಲ. ಕಟ್ಟೆಯ ಅಂಚಿನಲ್ಲಿ ಮೆಲ್ಲಗೆ ಕೂತಳು. "ಗುರವ್ವಾ, ಈ ಕೈಲೆ ನಿನ್ನ ಎರಡೂ ಮಕ್ಕಳನ ಹಿಡದೇನಿ. ಈ ಸಂಗ್ಯಾ ಹುಟ್ಟಿದಾಗ ಅಳವಲ್ಲ ಅಂತ ಬೆನ್ನು ಬಡದು ಅಳಿಸಿದಾಕಿ ನಾನ. ಈಗ ಈ ಕೈ ಕಳ್ಳಿ ಕೈ ಆತಲ್ಲ," ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಜೀಪು ಹತ್ತು ಹೆಜ್ಜೆ ದೂರದಲ್ಲಿತ್ತು. ಸುಮ್ಮನಿದ್ದರೆ ಈ ಗದ್ದಲದಲ್ಲಿ ಮಾತು ಎಲ್ಲಿಗೋ ಹೋಗಿ, ಸಾಹೇಬರು ತಾಯಿಯ ಮಾತು ನಂಬಿದರೂ ನಂಬಬಹುದಿತ್ತು. ಅದು ಸಂಗಮೇಶನಿಗೆ ಗೊತ್ತಿತ್ತು. ಆದರೆ ಮುದುಕಿಯ ಆ ಕೈಗಳು ಮಡಿಲಲ್ಲಿ ಬೋರಲಾಗಿ ಬಿದ್ದಿದ್ದವು. 

"ಯವ್ವಾ, ಹುಲಿಗೆವ್ವ ಆಯಿಗೆ ಅನ್ನಬ್ಯಾಡ," ಎಂದ. "ಉಂಡಿ ತಿಂದಾಂವ ನಾನ. ಪೊಟ್ಟಣದಾಗ ಇದ್ದದ್ದೂ ಅದ."

ಗುರವ್ವ ಹುಲಿಗೆವ್ವನ ಕಡೆ ಚಾಚಿದ್ದ ಕೈ ಕೆಳಗಿಳಿಸಿದಳು.

"ಎಷ್ಟು ತಿಂದಿ?" ಎಂದಳು ಗುರವ್ವ ತಣ್ಣಗೆ.

"ದಿನಾ ನಾಕು. ಮ್ಯಾಚ್ ಇದ್ದಾಗ ಆರು."

ಮೊದಲು ನಕ್ಕವರು ಮಾಸ್ತರು. ಆಮೇಲೆ ಕಟ್ಟೆಗೆ ಕಟ್ಟೆಯೇ ನಕ್ಕಿತು. "ಬಾಣಂತಿ ಪೈಲ್ವಾನ" ಎಂದು ಹಿಂದಿನಿಂದ ಯಾರೋ ಕೂಗಿದರು. ಆ ಹೆಸರು ಇನ್ನು ಸಾಯುವ ತನಕ ತನ್ನ ಬೆನ್ನಿಗೇ ಇರುತ್ತದೆ ಎಂದು ಸಂಗಮೇಶನಿಗೆ ಅಲ್ಲೇ ತಿಳಿಯಿತು. ಗುರವ್ವ ಮಾತ್ರ ನಗಲಿಲ್ಲ. ಸೀದಾ ಹೋಗಿ ಹುಲಿಗೆವ್ವನ ಪಕ್ಕ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. "ತಪ್ಪಾತು ಯಕ್ಕಾ. ಕಳ್ಳನ್ನ ನಾನ ಹಡದು ನಿನ್ನ ಮ್ಯಾಲ ಹಾಕಿದೆ," ಎಂದಳು.

ನಗದ ಇನ್ನೊಬ್ಬರು ಸಾಹೇಬರು. "ಆ ಉಂಡಿ ಒಂದು ತರಸ್ರಿ," ಎಂದರು. "ಪರೀಕ್ಷಾ ಮಾಡೂಣು."

ಡಬ್ಬಿ ಬಂತು. ಸಾಹೇಬರು ಒಂದನ್ನು ಮೂಸಿ, ಮುರಿದು, ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಎರಡನೆಯದನ್ನು ಪರೀಕ್ಷೆಯ ನೆಪವಿಲ್ಲದೆ ತಿಂದರು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಇದನ್ನ ತಿನ್ನೂಕಿಂತ ಮೊದಲ ಇವಾ ಹೆಂಗ ಆಡ್ತಿದ್ದ?"

ಶ್ರೀಶೈಲಪ್ಪ ಜೀವನದಲ್ಲಿ ಒಮ್ಮೆ ದಲ್ಲಾಳಿತನ ಮರೆತು ನಿಜ ಹೇಳಿಬಿಟ್ಟ. "ಹನ್ನೊಂದನೇ ಹೆಸರು ರೀ. ನೀರು ಕೊಡಾಕ ಅಂತ ಕರಕೊಂಡು ಹೋಗ್ತಿದ್ವಿ."

ಸಾಹೇಬರು ತಲೆಯಾಡಿಸಿದರು. ಟವೆಲ್ ಹಾಸಿರಿ ಎಂದು ಸನ್ನೆ ಮಾಡಿದರು. ಇಬ್ಬರ ಕೈಗಳೂ ಅದರ ಕೆಳಗೆ ಹೋದವು. ಸಂಗಮೇಶ ಉಸಿರು ಹಿಡಿದು ನೋಡಿದ. ಟವೆಲ್ ಒಮ್ಮೆ ಏರಿತು, ಒಮ್ಮೆ ತಗ್ಗಿತು. ಶ್ರೀಶೈಲಪ್ಪ ಬೇಡ ಎಂಬಂತೆ ಕತ್ತು ಹೊರಳಿಸಿದ. ಮತ್ತೆ ಟವೆಲ್ ಅಲುಗಾಡಿತು. ಅವನ ಮುಖ ಅರಳಿತು. ಸೂಜಿಯ ಕಳಂಕ ಹೋಯಿತು, ಬೆಲೆ ಏರುತ್ತಿದೆ, ಹೆಸರು ಏನಾದರೂ ಇರಲಿ ಕಾಟಾದ ನೌಕರಿ ಕೈಗೆ ಬಂತು ಎಂದು ಸಂಗಮೇಶ ಅಂಗಿಯ ಗುಂಡಿ ಸರಿ ಮಾಡಿಕೊಂಡ.

"ಆತು," ಎಂದು ಶ್ರೀಶೈಲಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಇಬ್ಬರು ಆಟಗಾರರು, ಹನ್ನೆರಡು ಜೋಡಿ ಬೂಟು. ಮ್ಯಾಲ ಒಂದು ನೆಟ್."

ಸಂಗಮೇಶ ಜೀಪಿನ ಕಡೆ ಒಂದು ಹೆಜ್ಜೆ ಇಟ್ಟ.

"ನೀ ಎಲ್ಲಿಗೆ?" ಎಂದ ಶ್ರೀಶೈಲಪ್ಪ. "ಕೊಟ್ಟದ್ದು ನಿನ್ನನ್ನಲ್ಲ. ನಿಮ್ಮವ್ವನ್ನ."

ಸಾಹೇಬರು ಎದ್ದು ಗುರವ್ವನ ಮುಂದೆ ಕೈ ಮುಗಿದರು. "ಅವ್ವಾರ, ನಮ್ಮ ಆಟಗಾರರ ಮೆಸ್ಸಿಗೆ ನೀವು ಬರಬೇಕು. ಕಾಯಂ ನೌಕರಿ, ಇರಲಿಕ್ಕೆ ಮನಿ. ಇವನೊಬ್ಬನ್ನ ಒಯ್ದ್ರ ಒಬ್ಬಾಂವ ಐದು ಮಂದಿನ ಎಳೀತಾನ. ನೀವು ಬಂದ್ರ ನಮ್ಮ ಹನ್ನೆರಡೂ ಮಂದಿ ಎಳೀತಾರ. ಮತ್ತ ನೀವು ಬಂದ ಮ್ಯಾಲೆ ಇಲ್ಲಿ ಇವಾ ಮತ್ತ ಹನ್ನೊಂದನೇದಾಂವನ ಅಲ್ಲೇನು?"

ಗುರವ್ವ ಡಬ್ಬಿಯ ಮುಚ್ಚಳ ಹಾಕಿದಳು. "ನಲವತ್ತು ವರ್ಷ ಉಂಡಿ ಕಟ್ಟೇನಿ," ಎಂದಳು. "ತಿಂದವರು ಎಲ್ಲಾರೂ ತಮ್ಮ ಮೈ ನೋಡಿಕೊಂಡ್ರು. ಕಟ್ಟಿದವರು ಯಾರು ಅಂತ ಇವತ್ತ ಒಬ್ರು ಕೇಳಿದ್ರು." ಆಮೇಲೆ ಅನುಮಾನಿಸಿದಳು. "ಆದ್ರ ಬಾಣಂತಿನ್ನ ಯಾರು ನೋಡಬೇಕು?"

ಹುಲಿಗೆವ್ವ ಕಣ್ಣೀರು ಒಣಗಿದ ಮುಖದಲ್ಲಿ ಮೊದಲ ಸಲ ನಕ್ಕಳು. "ಕೂಸಿಗೆ ನಾ ಎರಿತೇನಿ, ನೀ ಹೋಗಿ ಬಾ. ನೀರು ಕಾಸಾಕ, ಅರಿವಿ ಒಗ್ಯಾಕ ಇಂವ ಅದಾನಲ್ಲ. ತಿಂದದ್ದು ಕರಗಸಲಿ."

ಸಂಜೆ ಜೀಪಿನ ಮುಂದಿನ ಸೀಟಿನಲ್ಲಿ ಗುರವ್ವ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಇಂಡಿಯ ದಾರಿ ಹಿಡಿದಳು. ಊರ ತಂಡಕ್ಕೆ ಬರುವ ಇಬ್ಬರೂ ಒಳ್ಳೆಯ ಆಟಗಾರರಂತೆ. ಪಟ್ಟಿಯಲ್ಲಿ ಸಂಗಮೇಶ ಈಗ ಹದಿಮೂರನೆಯವನು, ಪಟ್ಟಿ ಹನ್ನೆರಡಕ್ಕೇ ಮುಗಿಯುತ್ತದೆ ಎಂದು ಶ್ರೀಶೈಲಪ್ಪ ಹೇಳಿಹೋದ. ಹಾಜಿಮಲಂಗ ಮನೆಗೇ ಬಂದು ಜರ್ಸಿ ಕೊಟ್ಟ. "ಮೂವತ್ತೆಂಟಕ್ಕ ಹೊಲದೇನಿ. ಎದಿ ಇಳದಾಗ ತಗೊಂಡು ಬಾ, ಹೊಲಿಗಿ ಹಿಡದು ಕೊಡ್ತೇನಿ," ಎಂದು ಸಮಾಧಾನ ಹೇಳಿದ.

ಸಂಗಮೇಶ ಬಚ್ಚಲ ಒಲೆಯ ಮುಂದೆ ಕೂತು ಬೆಂಕಿ ಊದಿದ. ಒಳಗಿನ ಕೋಣೆಯಿಂದ ಅಕ್ಕ ಕರೆದಳು. "ತಮ್ಮಾ, ಸಿಟ್ಟಾಗಬ್ಯಾಡ. ನೀ ತಿನ್ನಾಕತ್ತೀ ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು. ನನಗ ಆ ಉಂಡಿ ಬಾಯಿಗೆ ಸೇರಂಗಿಲ್ಲ. ಅವ್ವ ಬೈತಾಳಂತ ಮುಚ್ಚಳ ಸಡಲ ಮಾಡಿ ಇಡ್ತಿದ್ದೆ, ನೀ ಒಯ್ಲಿ ಅಂತ."

 ತಿಂಗಳಿಡೀ ಕಳ್ಳನ ಹಾಗೆ ಕತ್ತಲಲ್ಲಿ ಕೈ ಹಾಕಿದ್ದು, ಬೇವಿನ ಮರದ ಹಿಂದೆ ನಿಂತದ್ದು ಎಲ್ಲ ಕಣ್ಣ ಮುಂದೆ ಬಂತು. "ಮೊದಲ ಹೇಳಬೇಕಿಲ್ಲಕ್ಕಾ?"

"ನೀ ಯಾವಾಗ ಕೇಳಿದ್ದಿ?" ಎಂದಳು ಅಕ್ಕ. "ಕೇಳಿದ್ರ ತಾಟಿನ್ಯಾಗ ಹಾಕಿ ಕೊಡ್ತಿದ್ದೆ."

"ಈಗ ಒಂದರ ಉಳದೈತೇನು?"

"ಡಬ್ಬಿ ಜೀಪಿನ್ಯಾಗ ಹೋತಲ್ಲೋ. ನೀರು ಕಾದಾವೇನು ನೋಡು, ಕೂಸು ಅಳಾಕತ್ತೇತಿ."

ನೀರು ಕುದಿಯುತ್ತಿತ್ತು. ಹಂಡೆಯ ಕಿವಿ ಸುಡುತ್ತಿತ್ತು. ಹಿಡಿಯಲು ಅರಿವೆ ಹುಡುಕಿದ, ಸಿಗಲಿಲ್ಲ. ಸಂಗಮೇಶ ಹೊಸ ಜರ್ಸಿಯನ್ನು ನಾಲ್ಕು ಮಡಿಕೆ ಮಾಡಿ, ಹಂಡೆಗೆ ಹಿಡಿದು, ಕೆಳಗಿಳಿಸಿದ.